ನನ್ನ ಹೆಂಡತಿ ಮೆಚ್ಚಿದ ಜೋಶಿಯವರ ತಂಬಾಕು

“ಜೋಶಿಯವ್ರ, ಇದ್ಯಾವ ತಂಬಾಕ್ರಿ? ವಾಸನಿ ಭಾಳ ಛಲೋ ಅದ!”

ಅಡುಗೆಮನೆಯಿಂದ ಹೊರಬಂದು ನನ್ನ ಹೆಂಡತಿ ಹೀಗೆ ಕೇಳಿದಾಗ ನನ್ನ ಕೈಯಲ್ಲಿದ್ದ ಪೈಪು ಅರ್ಧದಲ್ಲೇ ನಿಂತಿತು. ಮದುವೆಯಾದಾಗಿನಿಂದ ನನ್ನನ್ನು ಪೈಪಿನ ಸಮೇತ ಬಾಲ್ಕನಿಗೆ ಅಟ್ಟುತ್ತಿದ್ದವಳು ಇವಳೇ.

ಗೆಳೆಯ ಜೋಶಿ ತಾವೇ ಮೊದಲ ಸಲ ಬೆರೆಸಿದ ಬರ್ಲಿ ತಂಬಾಕನ್ನು ರುಚಿ ನೋಡಲೆಂದು ಧನಕವಡಿಯ ನಮ್ಮ ಮನೆಗೆ ತಂದಿದ್ದರು. ಅವರಿಗೆ ಪೈಪು ತುಂಬಲು ಕಲಿಸಿದವನೇ ನಾನು. ಮೊದಲ ದಮ್ಮಿಗೆ ಹುರಿದ ಶೇಂಗಾದ ರುಚಿ ಬಂತು, ಆಮೇಲೆ ಕೋಕೋದ ತೆಳುವಾದ ಕಹಿ. ತಳದವರೆಗೆ ಸೇದಿದರೂ ನಾಲಿಗೆ ಉರಿಯಲಿಲ್ಲ. ನಾನು ವರ್ಷಗಟ್ಟಲೆ ಬೆರೆಸಿ, ಒಣಗಿಸಿ, ಬೇಸತ್ತು ಎಸೆದು ಹುಡುಕುತ್ತಿದ್ದ ರುಚಿ ಅದು! ಒಂದಾದರೂ ಕೊರತೆ ಸಿಗಲಿ ಎಂದು ಎರಡನೇ ಸಲ ಪೈಪು ತುಂಬಿಕೊಂಡಾಗಲೇ ಇವಳು ಹೊರಗೆ ಬಂದದ್ದು. ಬಂದವಳು ಚಿಟಿಕೆ ತಂಬಾಕನ್ನು ಅಂಗೈಗೆ ಹಾಕಿಕೊಂಡು ಮೂಸಿ ನೋಡಿದಳು. ನನ್ನ ತಂಬಾಕಿನ ಡಬ್ಬಿಯನ್ನು ಅವಳು ಒಮ್ಮೆಯೂ ಮುಟ್ಟಿದವಳಲ್ಲ.

ಜೋಶಿಯವರ ಕಣ್ಣು ಮಾತ್ರ ನನ್ನ ಮೇಲೇ ಇತ್ತು. “ವೈನಿ ಹೊಗಳತಾರ ಬಿಡ್ರಿ. ನೀವು ಹೇಳ್ರಿ, ಹೆಂಗ ಆಗ್ಯದ?”

“ಛಲೋ ಆಗ್ಯದ್ರಿ,” ಎಂದೆ. ಅಷ್ಟು ಹೇಳುವಷ್ಟರಲ್ಲಿ ಸಾಕುಸಾಕಾಯಿತು. ಜೋಶಿ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಯಿತು.

ಅವರು ಬಿಟ್ಟುಹೋದ ಪೊಟ್ಟಣ ಈಗ ಮುಗಿಯುತ್ತ ಬಂದಿದೆ. ಇನ್ನಷ್ಟು ಕೇಳೋಣವೆಂದು ಫೋನ್ ಎತ್ತುತ್ತೇನೆ, ಮನಸ್ಸಾಗದೆ ಕೆಳಗಿಡುತ್ತೇನೆ. “ನಿಮ್ಗ ಆಗದಿದ್ರ ನಾನೇ ಕೇಳ್ತೀನಿ,” ಎನ್ನುತ್ತಾಳೆ ಹೆಂಡತಿ. ಅದಂತೂ ಬೇಡವೇ ಬೇಡ.