ಸ್ವಂತ ಗೋಲು

ತ್ರಾಸಿ ಕಡಲ ಬದಿಯ ಫುಟ್ಬಾಲ್ ಪಂದ್ಯಕ್ಕೆ ಕಾಮೆಂಟ್ರಿ ಹೇಳುತ್ತಿದ್ದೆ. ತಲ್ಲೂರು ತಂಡದ ಗಣೇಶ ಚೆನ್ನಾಗಿ ಆಡುತ್ತಿದ್ದ. ಮೈಕಿನಲ್ಲಿ ‘ಭರ್ಜರಿ ಸ್ವೀಪರ್’ ಎಂದು ಹೊಗಳಿದೆ. ಅವನ ಸೋದರತ್ತೆ ಸೀದಾ ನನ್ನ ಟೇಬಲ್ಲಿಗೆ ಬಂದರು.

“ಹ್ವಾಯ್, ನಮ್ ಮಾಣಿ ಹೋಟ್ಲಂಗೆ ಕ್ಯಾಶಿಗೆ ಕೂಕಂಬುದ್, ಗುಡ್ಸುದಲ್ಲ. ಹೆಣ್ಣಿನ್ ಕಡಿಯರ್ ಅಲ್ಲೇ ಕೂಕಂಡಿದ್ರ್.”

ಫುಟ್ಬಾಲಿನಲ್ಲಿ ಎಲ್ಲರ ಹಿಂದೆ ನಿಂತು ಚೆಂಡು ತಡೆಯುವವನಿಗೆ ಹಾಗನ್ನುತ್ತಾರೆ ಎಂದರೂ ಅವರು ಕದಲಲಿಲ್ಲ. ಅಷ್ಟರಲ್ಲಿ ಗಣೇಶ ತಡೆಯಲು ಹೋಗಿ ಚೆಂಡನ್ನು ತನ್ನ ತಂಡದ ಗೋಲಿಗೇ ಹೊಡೆದುಬಿಟ್ಟ. ಅತ್ತೆಯನ್ನು ನೋಡಿಕೊಂಡು ಮೆಲ್ಲಗೆ, “ಗಣೇಶನ ಸ್ವಂತ ಗೋಲು” ಎಂದೆ.

ಅವರ ಮುಖ ಅರಳಿತು. “ಸ್ವಂತದ್ದಾ? ಹಾಂಗಾರೆ ಇನ್ನೊಂದ್ ಸಲ ಗಟ್ಟಿ ಹೇಳಿ. ಅವ್ರಿಗೂ ಕೇಣ್ಲಿ.”

ಗಟ್ಟಿಯಾಗಿಯೇ ಹೇಳಿದೆ. ಸಂಬಂಧ ಕೂಡಿಬಂತು. ಗಣೇಶ ಮಾತ್ರ ನನ್ನ ಹತ್ತಿರ ಇನ್ನೂ ಮಾತಾಡುವುದಿಲ್ಲ.