ಕಂಪ್ಯೂಟರಿನ ಹಿಂದೆ ಸಿಕ್ಕ ಕವಡೆ

ಧೂಳು ಹೊಡೆಯಲೆಂದು ಮೊನ್ನೆ ಅಂಗಡಿಯ ದೊಡ್ಡ ಕಂಪ್ಯೂಟರನ್ನು ಗೋಡೆಯಿಂದ ಈಚೆಗೆ ಎಳೆದೆ. ಹಿಂದೆ ಒಂದು ಕವಡೆ ಬಿದ್ದಿತ್ತು. ಚೌಕಾಬಾರದ್ದು, ಬೆನ್ನು ಸವೆದದ್ದು. ಮೇಷ್ಟ್ರದ್ದೇ... ಕೈಯಲ್ಲಿ ಹಿಡಿದು ಹಾಗೇ ಕೂತುಬಿಟ್ಟೆ.

ರವೀಂದ್ರನಗರದಲ್ಲಿ ನನ್ನದು ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ. ಕೊನೆಯ ದಿನ ಜನ ಮುಗಿಬಿದ್ದಾಗಲೇ ಈ ಕಂಪ್ಯೂಟರ್ ಮೊಂಡು ಹಿಡಿದು ನಿಲ್ಲುತ್ತಿತ್ತು. ಗಿರಾಕಿಗಳು ಬೈದುಕೊಂಡು ಎದುರಿನ ಅಂಗಡಿಗೆ ಹೋಗುತ್ತಿದ್ದರು. ಹೀಗೇ ಆದರೆ ಶಟರ್ ಎಳೆಯುವುದೇ ಎಂದುಕೊಂಡಿದ್ದೆ. ಆಗ ಪಿಂಚಣಿಯ ಕೆಲಸಕ್ಕೆಂದು ಬಂದವರು ಮೇಷ್ಟ್ರು. ಭದ್ರಾವತಿಯ ಜನ್ನಾಪುರದವರು, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು. ಮಷಿನ್ ಚೆನ್ನಾಗಿಯೇ ಇದೆ, ಆಪರೇಟಿಂಗ್ ಸಿಸ್ಟಮ್‌ನ ಸೆಟ್ಟಿಂಗ್ ಸರಿಯಿಲ್ಲ, ನಾನು ನೋಡುತ್ತೇನೆ, ದುಡ್ಡು ಬೇಡ ಎಂದರು.

ದುಡ್ಡು ಬೇಡ ಎಂದಾಗಲೇ ನನ್ನ ಕಿವಿ ನೆಟ್ಟಗಾಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ. ಆ ಕಂಪ್ಯೂಟರಿನೊಳಗೆ ಅರ್ಧ ಬಡಾವಣೆಯ ಆಧಾರ್, ಮಾರ್ಕ್ಸ್ ಕಾರ್ಡ್ ಇದ್ದವು.

ಅವರ ರೀತಿಯೂ ಅನುಮಾನ ಹುಟ್ಟಿಸುವಂತೆಯೇ ಇತ್ತು. ಬೆಳಿಗ್ಗೆ ಬಸ್ಸಿಳಿದು ಬಂದವರೇ ಕವಡೆ ಎಸೆಯುತ್ತಿದ್ದರು. ಮೆಮೊರಿ ತುಂಬುವ ಮೊದಲೇ ಕೆಲಸವನ್ನು ಡಿಸ್ಕಿಗೆ ತಳ್ಳುವ ಹಳೆಯ ಸೆಟ್ಟಿಂಗ್ ಇರಬೇಕೋ, ತುಂಬುವವರೆಗೆ ಕಾಯುವ ಹೊಸದೋ ಎಂದು ಕವಡೆಯೇ ಹೇಳಬೇಕು; ಬಾಯಿ ಮೇಲಾದರೆ ಹೊಸದು, ಬೆನ್ನು ಮೇಲಾದರೆ ಹಳೆಯದು. ಬಿದ್ದದ್ದನ್ನು ಅಂಗೈಯಲ್ಲಿ ಮುಚ್ಚಿ, ನನಗೆ ಬೆನ್ನು ಮಾಡಿ ಕೂತು ಟೈಪ್ ಮಾಡುವರು. ದಿನವಿಡೀ ವೇಗ ಅಳೆಯುವರು. ಸಂಜೆ ಹೇಗಿತ್ತೆಂದು ನಾನೂ ಹೇಳಬೇಕು. ಎಲ್ಲ ಸೇರಿಸಿ ಸರಾಸರಿ ತೆಗೆದು, ವ್ಯತ್ಯಾಸ ನಿಜವೋ ಕಾಕತಾಳೀಯವೋ ನೋಡುತ್ತಾರಂತೆ. ಚಹಾ ಕೊಡುವ ನೆಪದಲ್ಲಿ ಒಮ್ಮೆ ಇಣುಕಿದೆ. ಪರದೆಗೆ ಕೈ ಅಡ್ಡ ಹಿಡಿದರು. ತಡೆಯಲಾಗದೆ ಕೇಳಿಯೇಬಿಟ್ಟೆ.

"ನನ್ನಿಂದ ಯಾಕೆ ಮುಚ್ಚಿಡ್ತೀರಿ ಸಾರ್?"

"ಗೊತ್ತಾದ್ರೆ ನಿನ್ನ ಕಣ್ಣು ಹೊಸದರ ಪರ ವಹಿಸುತ್ತೆ ಮಾರಾಯ್ತಿ."

ನಾನು ನಂಬಲಿಲ್ಲ. ಒಂದು ಸಂಜೆ, ಇವತ್ತು ಕುದುರೆ ಹಾಗೆ ಓಡಿತು, ಹೊಸದೇ ಇರಬೇಕು, ಇದನ್ನೇ ಇಟ್ಟುಬಿಡಿ ಎಂದು ಗೋಗರೆದೆ. ಆ ದಿನ ಇದ್ದದ್ದು ಹಳೆಯ ಸೆಟ್ಟಿಂಗೇ ಎಂದು ತೋರಿಸಿದರು. ಹಬ್ಬದ ಮಾರನೆಯ ದಿನ, ಜನ ಬಂದಿರಲಿಲ್ಲ, ಅಷ್ಟೆ. ಅಂದಿನಿಂದ ನನ್ನ ಕಣ್ಣಿನ ಮೇಲೇ ಅನುಮಾನ ಶುರುವಾಯಿತು. ಅವರ ಮೇಲಿನದೂ ಪೂರ್ತಿ ಹೋಗಲಿಲ್ಲ, ಸುಳ್ಳೇಕೆ.

ಇನ್ನೂ ಕೆಲವು ದಿನ ನೋಡದೆ ಯಾವುದು ಮೇಲೆಂದು ಹೇಳಲಾರೆ ಎಂದಿದ್ದರು... ಒಂದು ದಿನ ಬರಲಿಲ್ಲ. ಫೋನ್ ಎತ್ತಿದ ಅವರ ಹೆಂಡತಿ, "ಮಲಗಿದವ್ರು ಏಳ್ಲಿಲ್ಲಮ್ಮ" ಎಂದರು. ಹಿಂದಿನ ದಿನ ಇಟ್ಟ ಸೆಟ್ಟಿಂಗ್ ಹಾಗೇ ಉಳಿಯಿತು. ಹೊಸದೋ ಹಳೆಯದೋ, ತೆರೆದು ನೋಡಲು ಇಂದಿಗೂ ಮನಸ್ಸಾಗಿಲ್ಲ.

ಈ ಸಲ ಕೊನೆಯ ದಿನ ಸಾಲು ರಸ್ತೆಯವರೆಗಿತ್ತು. ಕಂಪ್ಯೂಟರ್ ನಿಲ್ಲಲಿಲ್ಲ. ಮೇಷ್ಟ್ರ ಕೈಗುಣ ಎನ್ನುತ್ತದೆ ಮನಸ್ಸು. ಒಂದು ದಿನದ್ದನ್ನು ನಂಬಬೇಡವೆಂದು ಕಲಿಸಿದವರೂ ಅವರೇ. ಪರೀಕ್ಷೆಯನ್ನು ನಾನೇ ಮುಗಿಸೋಣವೆಂದು ಕವಡೆ ಎಸೆದೆ. ಬಾಯಿ ಮೇಲಾಗಿ ಬಿತ್ತು. ನೋಡಿಬಿಟ್ಟೆನಲ್ಲ... ಬಿದ್ದದ್ದನ್ನು ನನ್ನಿಂದ ಮುಚ್ಚಿಡಲು ಇನ್ನೊಬ್ಬರು ಬೇಕು. ಅವರಿಲ್ಲ.