ಅಣ್ಣ ಮುರಿದು ನೋಡಿದ ನಿಕಲ್

ಅರಿಸಿನದ ವ್ಯಾಪಾರಿಗಳ ಕೈಗೆ ಏನೇ ಕೊಡಿ, ಅದನ್ನು ಮುರಿದು ನೋಡುವ ಚಪಲ ಅವರನ್ನು ಬಿಡುವುದಿಲ್ಲ. ಸಾಂಗ್ಲಿಯ ಪೇಟೆಯಲ್ಲಿ ಕೊಂಬನ್ನು ಪಟ್ಟನೆ ಮುರಿದು ಒಳಗಿನ ಬಣ್ಣ ನೋಡಿದ ಮೇಲೆಯೇ ಮಾತುಕತೆ. ನನ್ನ ಅಣ್ಣನಂತೂ ಮದುವೆಯೂಟದ ಚಿರೋಟಿಯನ್ನೂ ಹಾಗೆಯೇ ಪರೀಕ್ಷಿಸಿ ಬೀಗರನ್ನು ಗಾಬರಿಪಡಿಸಿದವನು. ಮಾಲಿನಲ್ಲಿ ಬೇರೇನೂ ಬೆರೆಯಬಾರದೆಂಬುದೇ ಅವನ ವೇದಾಂತ. ಅದೇ ಅಂಗಡಿಯ ಪಾಲುದಾರನಾದ ನಾನು ಮಾತ್ರ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಕಾದಂಬರಿ ಓದುವ ಅನುಪಯುಕ್ತ ಜೀವಿ.

ಇಂಥ ಅಣ್ಣನ ಮಗಳು ಗಿರಿಜಾ ಪುಣೆಯಲ್ಲಿ ಬೆರೆಸುವುದನ್ನೇ ವಿದ್ಯೆಯಾಗಿ ಕಲಿಯುತ್ತಿದ್ದಾಳೆ. ನಿಕಲ್, ನಿಯೋಡಿಮಿಯಂ, ಆಮ್ಲಜನಕ ಸೇರಿದ ಒಂದು ಪದಾರ್ಥದಲ್ಲಿ ಕೆಲವು ನಿಯೋಡಿಮಿಯಂ ಪರಮಾಣುಗಳ ಜಾಗಕ್ಕೆ ಸ್ಟ್ರಾನ್ಷಿಯಂ ಕೂರಿಸುತ್ತಾಳೆ.

"ಅಂದ್ರ ಕಲಬೆರಕಿ," ಎಂದು ಅಣ್ಣ ಮುಖ ಸಿಂಡರಿಸಿದ.

"ನಾಹೀ ಅಪ್ಪಾ. ಬೆರಸದಿದ್ರ ಅದು ಸುಮ್ನ ಕುಂದರತೈತ್ರಿ," ಎಂದಳು ಗಿರಿಜಾ.

ನನಗೆ ತಿಳಿದಷ್ಟು ಹೇಳುತ್ತೇನೆ. ಬೆರೆಸದ ಪದಾರ್ಥದಲ್ಲಿ ನಿಕಲ್‌ನ ಎಲೆಕ್ಟ್ರಾನುಗಳು ಪುಟ್ಟ ಅಯಸ್ಕಾಂತಗಳು. ಒಂದು ಮೇಲೆ ನೋಡಿದರೆ ನೆರೆಯದು ಕೆಳಗೆ ನೋಡುವ ಹಟ ಅವುಗಳದು. ಸ್ಟ್ರಾನ್ಷಿಯಂ ಒಂದು ಎಲೆಕ್ಟ್ರಾನ್ ಕಡಿಮೆ ಕೊಡುತ್ತದೆ, ಅಷ್ಟೇ. ಆದರೆ ಆ ಕೊರತೆಯಿಂದ ನಿಕಲ್‌ನ ಪದರದಲ್ಲಿ ಖಾಲಿ ಜಾಗಗಳು ತೆರೆದು, ಹಟ ಸಡಿಲಗೊಂಡು, ಘೋರ ಚಳಿಯಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ, ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುತ್ತದೆ. ಕಡಿಮೆ ಬೆರೆಸಿದರೂ ಇಲ್ಲ, ಹೆಚ್ಚಾದರೂ ಇಲ್ಲ. ಅಳಿದುಳಿದ ಅಯಸ್ಕಾಂತೀಯ ಚಡಪಡಿಕೆಯೇ ಈ ಜೋಡಿಗಳನ್ನು ಕೂಡಿಸುತ್ತದೆಯೇ ಎಂಬುದು ಬಲ್ಲವರಿಗೂ ಇನ್ನೂ ಇತ್ಯರ್ಥವಾಗಿಲ್ಲವಂತೆ. ಕೆಲವೇ ಪರಮಾಣುಗಳ ಬದಲಾವಣೆಗೆ ಜಡವಸ್ತು ತನ್ನ ಸ್ವಭಾವವನ್ನೇ ಬದಲಿಸುವುದೆಂದರೆ! ಕೇಳಿ ನನ್ನ ಮೈ ಜುಮ್ಮೆಂದಿತು.

ಹೋದ ತಿಂಗಳು ಬೆಂಗಳೂರಿಗೆ ಹೊರಟವಳು ಮಿರಜಿನಲ್ಲಿ ಇಳಿದು ಮನೆಗೆ ಬಂದಳು. ವರ್ಷಗಟ್ಟಲೆ ಮಾಡಿದ್ದೆಲ್ಲ ಕೆಟ್ಟು ಕೆಟ್ಟು, ಕೊನೆಗೊಮ್ಮೆ ಸರಿಯಾಗಿರಬಹುದೆನಿಸಿದ ಒಂದೇ ಒಂದು ತುಣುಕು ಅವಳ ಡಬ್ಬಿಯಲ್ಲಿತ್ತು. ಬೆಂಗಳೂರಿನ ಶೀತಯಂತ್ರದಲ್ಲಿ ಅದನ್ನು ಅಳೆಯಬೇಕು. ಅವಳ ಡಾಕ್ಟರೇಟು ಅದರ ಮೇಲೆಯೇ ನಿಂತಿತ್ತು. ಅಣ್ಣ ಕೈ ಚಾಚಿದ. ಉಗುರಗಲದ ಆ ಹರಳಿನ ಪಟ್ಟಿಯನ್ನು ಅವಳು ಹೆಮ್ಮೆಯಿಂದ ಅವನ ಅಂಗೈಯಲ್ಲಿಟ್ಟಳು. ನಾನು ಬಾಯಿ ತೆರೆಯುವಷ್ಟರಲ್ಲಿ ಪಟ್ಟೆಂದಿತು.

"ಅಪ್ಪಾ..." ಎಂದಳು. ಅವಳು ಎರಡೂ ಚೂರುಗಳನ್ನು ಡಬ್ಬಿಗೆ ಹಾಕಿಕೊಂಡು ರೈಲು ಹತ್ತಿದಳು. ಅಣ್ಣ ಅಂದು ಊಟ ಮಾಡಲಿಲ್ಲ; ಮರುದಿನ ಪೇಟೆಯಲ್ಲಿ ಒಂದು ಕೊಂಬನ್ನೂ ಮುರಿಯಲಿಲ್ಲ.

ವಾರದ ಬಳಿಕ ಫೋನ್ ಬಂತು. "ಅಪ್ಪಾ, ಎರಡೂ ಚೂರು ಬ್ಯಾರೆ ಬ್ಯಾರೆ ಅಳದೇವ್ರಿ. ಒಂದ ಥಂಡಿಗೆ ಎರಡರಾಗೂ ತಡಿ ಶೂನ್ಯ ಆತು. ಸ್ಟ್ರಾನ್ಷಿಯಂ ಎರಡರಾಗೂ ಒಂದಸಮ ಕುಂತೈತಂತ ನಮ್ಮ ಸರ್‌ಗೂ ಖಾತ್ರಿ ಆತ್ರಿ. ಇಡೀ ತುಣುಕ ಇದ್ದಿದ್ರ ಇಷ್ಟ ಖಾತ್ರಿ ಆಗತಿದ್ದಿಲ್ಲ."

ನನ್ನ ಕಣ್ಣು ತುಂಬಿ ಬಂತು. ಅಣ್ಣ, ಜನ್ಮದಲ್ಲಿ ಯಾರನ್ನೂ ಕೇಳದ ಪ್ರಶ್ನೆಯನ್ನು ಮೆಲ್ಲಗೆ ಮಗಳನ್ನು ಕೇಳಿದ:

"ಎಷ್ಟ ಬೆರಸಿದ್ದಿ, ಮಗಳ?"